ನಾಯಿ ಔಷಧಿ ಬೆಕ್ಕಿಗೆ ಹಾಕ್ಬಿಟ್ಟೆ, ಪುಣ್ಯಕ್ಕೆ ಉಳ್ಕೊಂಡ್ಲು. ಮನೇಲಿ ಇನ್ನೇನೇನಕ್ಕೆ ಹುಷಾರಾಗಿರ್ಬೇಕು ಹೇಳಿ

ಚುಕ್ಕಿಯಮ್ಮ:
ಎಲ್ರಿಗೂ ನಮಸ್ಕಾರ. ಮೊನ್ನೆ ರಾತ್ರಿ ನಡೆದಿದ್ದು, ಬರೆಯೋವಾಗ ಈಗ್ಲೂ ಎದೆ ಹೊಡ್ಕೊಳ್ತಿದೆ. ನಮ್ಮನೇಲಿ ಭೀಮ ಅಂತ ನಾಯಿ, 4 ವರ್ಷ, ಜೊತೆಗೆ ಚುಕ್ಕಿ ಅಂತ ಬೆಕ್ಕು, ಒಂದೂವರೆ ವರ್ಷ. ಭೀಮಂಗೆ ಉಣ್ಣಿ ಹತ್ತದೇ ಇರ್ಲಿ ಅಂತ ಕುತ್ತಿಗೆ ಹಿಂದೆ ಹಾಕೋ ಸ್ಪಾಟ್ ಆನ್ ಔಷಧಿ ಇತ್ತು. ಚುಕ್ಕಿ ಒಂದೇ ಸಮನೆ ಕೆರ್ಕೊಳ್ತಿದ್ಲು, ಚಿಗಟ ಇರ್ಬೇಕು ಅನ್ಕೊಂಡು ಅದೇ ಟ್ಯೂಬಲ್ಲಿ ಕಾಲು ಭಾಗ ಹಾಕ್ದೆ. ಚಿಕ್ಕ ಪ್ರಾಣಿ, ಕಮ್ಮಿ ಹಾಕಿದ್ರೆ ಆಯ್ತಲ್ಲ ಅನ್ನೋ ಲೆಕ್ಕ ನಂದು. ಮೂರು ಗಂಟೆ ಕಳ್ದಿರ್ಬೇಕು, ಕಿವಿ ಪಟಪಟ ಅಂತ ಅದುರೋಕೆ ಶುರುವಾಯ್ತು, ಆಮೇಲೆ ಜೊಲ್ಲು, ಆಮೇಲೆ ಇಡೀ ಮೈ ನಡುಕ, ನಿಲ್ಲೋಕೇ ಆಗ್ತಿಲ್ಲ. ರಾತ್ರಿನೇ ಎತ್ಕೊಂಡು ಓಡಿದ್ವಿ. ಡಾಕ್ಟ್ರು ಟ್ಯೂಬಿನ ಪ್ಯಾಕೆಟ್ ನೋಡಿ "ಪರ್ಮೆಥ್ರಿನ್" (ಹುಳ ಸಾಯ್ಸೋ ರಾಸಾಯನಿಕ) ಅಂದ್ರು ಅಷ್ಟೇ, ತಕ್ಷಣ ಒಳಗೆ ತಗೊಂಡು ಹೋದ್ರು. ಎರಡು ದಿನ ಅಲ್ಲೇ ಇದ್ಲು. ಇವತ್ತು ಮನೆಗೆ ಬಂದಿದಾಳೆ, ಸ್ವಲ್ಪ ತಿಂದ್ಲು.

ಪ್ಯಾಕೆಟ್ ಮೇಲೆ ಬೆಕ್ಕಿಗೆ ಹಾಕ್ಬಾರ್ದು ಅಂತ ಬರೆದಿತ್ತಂತೆ, ನಾನು ಪ್ಯಾಕೆಟ್ ಎತ್ತಿಟ್ಟು ಬರೀ ಟ್ಯೂಬ್ ಹೊರಗಿಟ್ಕೊಂಡಿದ್ದೆ. ನನ್ನ ತಪ್ಪು, ಒಪ್ಕೊಳ್ತೀನಿ. ಈ ಥರ ನನಗೆ ಗೊತ್ತಿಲ್ದೇ ಇರೋದು ಇನ್ನೆಷ್ಟಿದೆಯೋ ಅಂತ ಭಯ ಆಗ್ತಿದೆ. ನಾಯಿ ಬೆಕ್ಕು ಎರಡೂ ಸಾಕಿರೋರು ದಯವಿಟ್ಟು ಹೇಳಿ.

ಮೂರುಬೆಕ್ಕು:
ಅಯ್ಯೋ ದೇವ್ರೇ. ಉಳೀತಲ್ಲ ಅಕ್ಕ, ಅದು ದೊಡ್ಡದು. ಬೇಗ ಕರ್ಕೊಂಡು ಹೋಗಿದ್ದಕ್ಕೇ ಉಳಿದಿದ್ದು.

ಕ್ಲಿನಿಕ್‌ಹುಡುಗಿ:
ನಾನು ಪ್ರಾಣಿಗಳ ಆಸ್ಪತ್ರೇಲಿ ಸಹಾಯಕಿ ಆಗಿ 6 ವರ್ಷದಿಂದ ಇದೀನಿ, ಇಂಥ ಕೇಸು ಬರ್ತಾನೇ ಇರುತ್ತೆ, ನಿಮ್ಮೊಬ್ರದ್ದೇ ಅಲ್ಲ. ಕಮ್ಮಿ ಹಾಕಿದ್ರೆ ಆಗುತ್ತೆ ಅನ್ನೋ ಲೆಕ್ಕನೇ ಇಲ್ಲಿ ಕೈ ಕೊಡೋದು. ಬೆಕ್ಕು ಅಂದ್ರೆ ಸಣ್ಣ ಸೈಜಿನ ನಾಯಿ ಅಲ್ಲ, ಅದರ ಲಿವರ್ ಕೆಲಸ ಮಾಡೋ ರೀತಿನೇ ಬೇರೆ. ಕೆಲವು ಔಷಧಿನ ಒಡೆದು ಹೊರಗೆ ಹಾಕೋ ಶಕ್ತಿ ನಾಯಿಗಿದೆ, ಮನುಷ್ಯರಿಗಿದೆ, ಬೆಕ್ಕಿಗೆ ಬಹಳ ಕಮ್ಮಿ. ಹಂಗಾಗಿ ನಾಯಿ ಮೈಮೇಲೆ ಏನೂ ಮಾಡದ ಪರ್ಮೆಥ್ರಿನ್ ಬೆಕ್ಕಿನ ನರಕ್ಕೆ ಹತ್ತಿ ಫಿಟ್ಸ್ ಬರ್ಸುತ್ತೆ.

ಇನ್ಮೇಲೆ ಯಾರಿಗಾದ್ರೂ ಹಿಂಗಾದ್ರೆ, ಬೆಕ್ಕು ಇನ್ನೂ ಚೆನ್ನಾಗಿ ಓಡಾಡ್ಕೊಂಡಿದ್ರೆ ಡಾಕ್ಟ್ರಿಗೆ ಫೋನ್ ಮಾಡ್ತಾನೇ ಪಾತ್ರೆ ತೊಳೆಯೋ ಲಿಕ್ವಿಡ್ ಹಾಕಿ ಉಗುರುಬೆಚ್ಚಗಿನ ನೀರಲ್ಲಿ ಆ ಜಾಗ ತೊಳೀರಿ, ಟವಲಲ್ಲಿ ಒರೆಸಿ ಬೆಚ್ಚಗೆ ಸುತ್ತಿ ಹೊರಡಿ. ನಡುಕ ಜೋರಾಗಿದ್ರೆ ಸ್ನಾನ ಅಂತ ಕೂರ್ಬೇಡಿ, ನೇರ ಹೊರಡಿ. ಟ್ಯೂಬು ಪ್ಯಾಕೆಟ್ಟು ಎರಡೂ ಕೈಲಿರ್ಲಿ.

ಬಾಲದಬಳಗ:
ಬಿಸಿನೀರಲ್ಲಿ ತೊಳೆದ್ರೆ ಇನ್ನೂ ಚೆನ್ನಾಗಿ ಹೋಗಲ್ವಾ? ಎಣ್ಣೆ ಥರ ಇರುತ್ತಲ್ಲ ಅದು.

ಕ್ಲಿನಿಕ್‌ಹುಡುಗಿ:
ಬೇಡ. ಬಿಸಿನೀರಿಗೆ ಚರ್ಮದಲ್ಲಿ ರಕ್ತ ಓಡಾಟ ಜಾಸ್ತಿ ಆಗಿ ಔಷಧಿ ಇನ್ನೂ ಬೇಗ ಒಳಗೆ ಹೋಗುತ್ತೆ. ಹಂಗಂತ ತಣ್ಣೀರೂ ಬೇಡ, ಮೈ ಬಿಸಿ ಇಳಿದ್ರೆ ನಡುಕ ಇನ್ನೂ ಕೆಟ್ಟದಾಗುತ್ತೆ. ಉಗುರುಬೆಚ್ಚಗೆ ಅಂದ್ರೆ ಉಗುರುಬೆಚ್ಚಗೆ. ಇನ್ನೊಂದು, ಭೀಮಂಗೆ ಅದೇ ಔಷಧಿ ಹಾಕಿದ್ರೆ ಚುಕ್ಕಿ ಅವನ ಕುತ್ತಿಗೆ ನೆಕ್ಕಿದ್ರೂ, ಅಂಟ್ಕೊಂಡು ಮಲಗಿದ್ರೂ ಕಷ್ಟಾನೇ. ಎರಡೂ ಇರೋ ಮನೆಗೆ ಪರ್ಮೆಥ್ರಿನ್ ಇಲ್ದಿರೋ ಔಷಧಿನೇ ಬರ್ಕೊಡಿ ಅಂತ ಡಾಕ್ಟ್ರಿಗೆ ಹೇಳಿ, ಬೇಕಾದಷ್ಟಿವೆ.

ಚುಕ್ಕಿಯಮ್ಮ:
ಅವ್ರಿಬ್ರೂ ದಿನಾ ಒಟ್ಟಿಗೇ ಮಲ್ಗೋದು! ಇದು ನನ್ನ ತಲೆಗೇ ಹೊಳೆದಿರ್ಲಿಲ್ಲ.

ರಾತ್ರಿಪಾಳಿ:
ಅಕ್ಕ, ಮುಂದಿನದು ಮಾತ್ರೆ ಡಬ್ಬಿ. ಜ್ವರ ಅಂತ ಬೆಕ್ಕಿಗೆ ಪ್ಯಾರಾಸಿಟಮಾಲ್ ಕೊಟ್ಟವ್ರನ್ನ ಕಣ್ಣಾರೆ ನೋಡಿದೀನಿ. ಒಂದು ಮಾತ್ರೆ ಸಾಕು ಬೆಕ್ಕಿನ ಜೀವಕ್ಕೆ. ರಕ್ತ ಆಕ್ಸಿಜನ್ ಹೊರೋ ಶಕ್ತಿ ಕಳ್ಕೊಳ್ಳುತ್ತೆ, ವಸಡು ಕಂದು ನೀಲಿ ಆಗುತ್ತೆ, ಮುಖ ಪಾದ ಊದ್ಕೊಳ್ಳುತ್ತೆ. ಬೇಗ ಹೋದ್ರೆ ಅದಕ್ಕೆ ಪ್ರತಿಮದ್ದು ಇದೆ, ತಡ ಆದ್ರೆ ಇಲ್ಲ. ನೋವಿನ ಮಾತ್ರೆ ಐಬುಪ್ರೊಫೆನ್ ಅಂತೂ ನಾಯಿಗೂ ಬೇಡ ಬೆಕ್ಕಿಗೂ ಬೇಡ, ಹೊಟ್ಟೇಲಿ ಹುಣ್ಣು, ಕಿಡ್ನಿಗೆ ಪೆಟ್ಟು. ನಮ್ಮ ಮೈಗೆ ಹಗುರ ಅಂತ ಅನ್ಸಿದ್ದು ಅವುಕ್ಕೆ ಹಗುರ ಅಲ್ಲ.

ಬೀಗಲ್‌ಪ್ರೇಮಿ:
ನಾಯಿ ಕಡೆಯಿಂದ ನಂದೂ ಸೇರಿಸ್ಕೊಳ್ಳಿ: ಚಾಕೊಲೇಟ್ (ಕಪ್ಪಗಿದ್ದಷ್ಟೂ ವಿಷ ಜಾಸ್ತಿ), ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಬೆಳ್ಳುಳ್ಳಿ. ಬಹಳ ಜನಕ್ಕೆ ಗೊತ್ತಿಲ್ದೇ ಇರೋದು ಕ್ಸೈಲಿಟಾಲ್, ಸಕ್ಕರೆ ಬದಲು ಹಾಕೋ ಸಿಹಿ. ಶುಗರ್‌ಲೆಸ್ ಚೂಯಿಂಗ್ ಗಮ್, ಕೆಲವು ಟೂತ್‌ಪೇಸ್ಟ್, ಕೆಲವು ಕಡಲೆಬೀಜದ ಬೆಣ್ಣೇಲಿ ಇರುತ್ತೆ. ನಾಯಿ ಹೊಟ್ಟೆಗೆ ಹೋದ್ರೆ ಇನ್ಸುಲಿನ್ ಒಮ್ಮೆಲೇ ಹೊರಗೆ ಬಂದು ಅರ್ಧ ಮುಕ್ಕಾಲು ಗಂಟೇಲೇ ಸಕ್ಕರೆ ಅಂಶ ಕುಸಿಯುತ್ತೆ, ಆಮೇಲೆ ಲಿವರ್ ಹಾಳು. ನಮ್ಮವನು ಬ್ಯಾಗಿನ ಜಿಪ್ಪು ಬಾಯಲ್ಲಿ ಎಳೆದು ಗಮ್ ಪ್ಯಾಕೆಟ್ ತೆಗೆದಿದ್ದ. ಕುಡಿದವ್ರ ಥರ ತೂರಾಡ್ತಿದ್ದ, ಆ ದೃಶ್ಯ ಮರೆಯೋಕಾಗಲ್ಲ. ಈಗ ಮನೆಗೆ ಬರೋ ನೆಂಟರ ಬ್ಯಾಗನ್ನೂ ಮೇಲಿಡ್ತೀನಿ, ಅವ್ರು ಏನಂದ್ಕೊಂಡ್ರೂ ಪರವಾಗಿಲ್ಲ.

ಹಳೇಹಾದಿ:
ಏನಾದ್ರೂ ತಿಂದಿದ್ದು ಕಂಡ್ರೆ ಉಪ್ಪುನೀರು ಕುಡ್ಸಿ ವಾಂತಿ ಮಾಡ್ಸಿ, ಮುಗೀತು. ನಾವು 30 ವರ್ಷದಿಂದ ನಾಯಿ ಸಾಕಿದೀವಿ.

ಕ್ಲಿನಿಕ್‌ಹುಡುಗಿ:
ಹಳೇಹಾದಿ ಸರ್, ಗೌರವದಿಂದಲೇ ಹೇಳ್ತೀನಿ, ಇದು ಮಾತ್ರ ಬೇಡವೇ ಬೇಡ. ವಾಂತಿ ಆಗದೇ ಉಪ್ಪು ಒಳಗೇ ಉಳಿದ್ರೆ ರಕ್ತದಲ್ಲಿ ಸೋಡಿಯಂ ಏರಿ ಮೆದುಳಿಗೆ ಪೆಟ್ಟು ಬೀಳುತ್ತೆ, ಫಿಟ್ಸ್ ಬರುತ್ತೆ. ಆಸಿಡ್, ಫಿನಾಯಿಲ್, ಸೀಮೆಎಣ್ಣೆ ಥರದ್ದು ಕುಡಿದಿದ್ರೆ ವಾಂತಿ ಮಾಡ್ಸಿದಾಗ ಗಂಟಲು ಎರಡನೇ ಸಲ ಸುಡುತ್ತೆ, ಶ್ವಾಸಕೋಶಕ್ಕೂ ಹೋಗ್ಬೋದು. ವಾಂತಿ ಮಾಡ್ಸೋದೋ ಬೇಡ್ವೋ, ಯಾವುದ್ರಿಂದ ಮಾಡ್ಸೋದು ಅನ್ನೋದು ಡಾಕ್ಟ್ರು ಹೇಳ್ಬೇಕು. ನೀವು ಮಾಡ್ಬೇಕಾದ್ದು ಏನು ತಿಂತು, ಎಷ್ಟು ತಿಂತು, ಎಷ್ಟೊತ್ತಿಗೆ, ನಾಯಿ ತೂಕ ಎಷ್ಟು, ಈ ನಾಲ್ಕು ವಿಷಯ ಫೋನಲ್ಲಿ ಹೇಳೋದು.

ಹಳೇಹಾದಿ:
ನಮ್ಮಲ್ಲಿ ಯಾವ ನಾಯಿಗೂ ಏನೂ ಆಗಿಲ್ಲಪ್ಪ.

ರಾತ್ರಿಪಾಳಿ:
ಆಗಿಲ್ಲ ಅಂದ್ರೆ ವಾಂತಿ ಆಗಿತ್ತು ಅಂತ ಅರ್ಥ ಸರ್. ಆಗ್ದೇ ಇದ್ದಿದ್ರೆ ಇವತ್ತು ನೀವೇ ಬೇಡ ಅಂತಿದ್ರಿ.

ಹಸಿರುಕುಂಡ:
ಗಿಡ ಹೂವಿನ ವಿಷಯ ಯಾರೂ ಎತ್ತಿಲ್ಲ. ಲಿಲ್ಲಿ ಹೂವು ಬೆಕ್ಕಿರೋ ಮನೆಗೆ ಬರ್ಲೇಬಾರ್ದು. ಎಲೆ, ದಳ, ಪರಾಗ, ಹೂದಾನಿ ನೀರು ಎಲ್ಲಾನೂ ಬೆಕ್ಕಿನ ಕಿಡ್ನಿಗೆ ವಿಷ. ಮೈಗೆ ಅಂಟಿದ ಪರಾಗ ನೆಕ್ಕೊಂಡ್ರೂ ಸಾಕು, ಎರಡು ಮೂರು ದಿನದಲ್ಲಿ ಕಿಡ್ನಿ ನಿಂತೋಗುತ್ತೆ. ಮೊದಲು ಸ್ವಲ್ಪ ವಾಂತಿ ಮಾಡಿ ಆಮೇಲೆ ಆರಾಮಾದಂಗೆ ಕಾಣುತ್ತೆ, ಅಲ್ಲೇ ಜನ ಮೋಸ ಹೋಗೋದು.

ಮೂರುಬೆಕ್ಕು:
ಅಯ್ಯೋ ನಮ್ಮನೇಲಿ ಪೀಸ್ ಲಿಲ್ಲಿ ಇದೆ!! ಇವತ್ತೇ ಎಸೀಲಾ?

ಹಸಿರುಕುಂಡ:
ಪೀಸ್ ಲಿಲ್ಲಿ ಹೆಸರಲ್ಲಿ ಮಾತ್ರ ಲಿಲ್ಲಿ, ಜಾತಿ ಬೇರೆ. ಅದನ್ನ ಕಚ್ಚಿದ್ರೆ ಬಾಯಿ ಉರಿ, ಜೊಲ್ಲು, ವಾಂತಿ ಆಗ್ಬೋದು, ಕಿಡ್ನಿ ಹೋಗಲ್ಲ. ಆದ್ರೂ ಎತ್ತರದಲ್ಲಿಡಿ. ನಾನು ಹೇಳಿದ್ದು ಲಿಲಿಯಂ ಜಾತಿ, ಮತ್ತೆ ಡೇ ಲಿಲ್ಲಿ.

ನಾಲ್ಕುಕಾಲು:
ಎತ್ತರ ಅಂದ್ರಿ, ಬೆಕ್ಕಿಗೆ ಎತ್ತರ ಎಲ್ಲಿದೆ? ಅದಕ್ಕೇ ನನ್ನ ಮಾತು ಕಿಟಕಿ ಬಗ್ಗೆ. ಬೆಕ್ಕು ಎಷ್ಟೇ ಮೇಲಿಂದ ಬಿದ್ರೂ ಕಾಲ ಮೇಲೇ ನಿಲ್ಲುತ್ತೆ ಅನ್ನೋ ಮಾತು ನಂಬಿ ನಾನು ಬಾಲ್ಕನಿ ಬಾಗಿಲು ತೆಗೆದಿಡ್ತಿದ್ದೆ. ಪಾರಿವಾಳ ನೋಡಿ ನೆಗೀತು, ನಾಲ್ಕನೇ ಮಹಡಿಯಿಂದ. ದವಡೆ ಮುರೀತು, ಎದೇಲಿ ಗಾಳಿ ತುಂಬ್ಕೊಂಡಿತ್ತು, ಮುಂಗಾಲಿಗೆ ರಾಡ್. ಕಾಲ ಮೇಲೆ ನಿಂತ್ರೂ ಪೆಟ್ಟು ಎಲ್ಲಿಗೆ ಹೋಗ್ಬೇಕು ಹೇಳಿ, ಮೈಯೊಳಗೇ ತಾನೇ.

ಬಾಲದಬಳಗ:
ಆದ್ರೆ ನೂರಕ್ಕೆ 90 ಬೆಕ್ಕು ಉಳ್ಕೊಳ್ತವೆ ಅಂತ ಓದಿದ್ದೆ, ಜಾಸ್ತಿ ಎತ್ತರದಿಂದ ಬಿದ್ದವು ಇನ್ನೂ ಚೆನ್ನಾಗಿ ಉಳೀತವೆ ಅಂತಾನೂ.

ನಾಲ್ಕುಕಾಲು:
ಅದು ನ್ಯೂಯಾರ್ಕಿನ ಒಂದು ಆಸ್ಪತ್ರೆಗೆ ಬಂದ 132 ಬೆಕ್ಕಿನ ಲೆಕ್ಕ, 1987ರಲ್ಲಿ ಬಂದಿದ್ದು. ಆಸ್ಪತ್ರೆಗೆ ಬಂದವುಗಳ ಲೆಕ್ಕ ಅನ್ನೋದನ್ನ ಗಮನಿಸಿ. ಬಿದ್ದ ಜಾಗದಲ್ಲೇ ಸತ್ತ ಬೆಕ್ಕನ್ನ ಯಾರು ಡಾಕ್ಟ್ರ ಹತ್ರ ತರ್ತಾರೆ? ಆ ಸಂಖ್ಯೆ ನೋಡಿ ಯಾರೂ ಧೈರ್ಯ ತಗೋಬೇಡಿ. ಕಿಟಕಿಗೆ ಗಟ್ಟಿ ಜಾಲರಿ ಹಾಕ್ಸಿ. ಸೊಳ್ಳೆ ಪರದೆ ಜಾಲರಿ ಆಗಲ್ಲ, ಬೆಕ್ಕು ಒರಗಿದ್ರೆ ಫ್ರೇಮ್ ಸಮೇತ ಹೋಗುತ್ತೆ.

ಮೂರುಬೆಕ್ಕು:
ಇದಕ್ಕೆ ಸೇರ್ಸಿ, ದಾರ. ಹೊಲಿಗೆ ದಾರ, ರಿಬ್ಬನ್, ಗಿಫ್ಟ್ ಕಟ್ಟೋ ಜರಿದಾರ. ಬೆಕ್ಕಿನ ನಾಲಿಗೆ ಮುಳ್ಳು ಮುಳ್ಳಾಗಿ ಒಳಮುಖ ಇರೋದ್ರಿಂದ ಬಾಯಿಗೆ ಹೋದ ದಾರ ಉಗುಳೋಕಾಗಲ್ಲ, ನುಂಗ್ತಾನೇ ಹೋಗುತ್ತೆ. ಬಾಯಿಂದಾಗ್ಲಿ ಹಿಂದಿನಿಂದಾಗ್ಲಿ ದಾರದ ತುದಿ ಕಂಡ್ರೆ ಎಳೀಬೇಡಿ, ಒಳಗೆ ಕರುಳು ಕೊಯ್ಯುತ್ತೆ.

ಇನ್ನೊಂದು ದೊಡ್ಡಕ್ಷರದಲ್ಲಿ ಬರ್ಕೊಳ್ಳಿ, ಗಂಡು ಬೆಕ್ಕು ಲಿಟರ್ ಬಾಕ್ಸಿಗೆ ಹೋಗಿ ಹೋಗಿ ಕೂರ್ತಿದೆ, ತಿಣುಕ್ತಿದೆ, ಏನೂ ಬರ್ತಿಲ್ಲ ಅಂದ್ರೆ ಮಲಬದ್ಧತೆ ಅನ್ಕೊಂಡು ಕಾಯ್ಬೇಡಿ. ಮೂತ್ರನಾಳ ಕಟ್ಕೊಂಡಿರುತ್ತೆ. ಒಂದೆರಡು ದಿನದಲ್ಲಿ ಪ್ರಾಣ ಹೋಗುತ್ತೆ. ನನ್ನ ಮೊದಲನೇ ಬೆಕ್ಕು ಹಂಗೇ ಹೋಗಿದ್ದು, ನಾನು ಬೆಳಿಗ್ಗೆ ನೋಡೋಣ ಅಂದಿದ್ದೆ.

ಚುಕ್ಕಿಯಮ್ಮ:
😢 ಕ್ಷಮಿಸಿ, ಓದಿ ಕಣ್ಣೀರು ಬಂತು.

ಎಲ್ಲಾ ಬರ್ಕೊಳ್ತಿದೀನಿ. ಈಗ ಇನ್ನೊಂದು ತೊಂದ್ರೆ. ಚುಕ್ಕಿ ವಾಪಸ್ ಬಂದಾಗಿಂದ ಭೀಮ ಅವಳನ್ನ ಮೂಸಿ ಮೂಸಿ ದೂರ ಹೋಗ್ತಾನೆ. ಇವತ್ತು ಅವನ ಊಟದ ಬಟ್ಟಲ ಹತ್ರ ಅವ್ಳು ಹೋದಾಗ ಗುರ್ ಅಂದ. ಯಾವತ್ತೂ ಅಂದೋನಲ್ಲ. ನಾನು ಗದರಿಸ್ದೆ. ಸರಿ ಮಾಡಿದ್ನಾ?

ಹಳೇಹಾದಿ:
ಗದರಿಸೋದು ಸಾಲಲ್ಲ. ಬೆನ್ನ ಮೇಲೆ ಕೆಡವಿ ಕುತ್ತಿಗೆ ಹಿಡಿದು ಒತ್ತಿ, ಸುಮ್ನಾಗೋವರೆಗೂ ಬಿಡ್ಬೇಡಿ. ಮನೇಲಿ ಯಜಮಾನ ಯಾರು ಅಂತ ಗೊತ್ತಾಗ್ಬೇಕು. ನಾಯಿ ಅಂದ್ರೆ ತೋಳದ ಜಾತಿ, ಗುಂಪಿಗೊಬ್ಬ ನಾಯಕ ಬೇಕು.

ಬೀಗಲ್‌ಪ್ರೇಮಿ:
ದಯವಿಟ್ಟು ಮಾಡ್ಬೇಡಿ ಅಕ್ಕ!! ಕಚ್ಚಿಸ್ಕೊಳ್ತೀರ.

ತರಬೇತಿಗೆಳೆಯ:
ನಾನು ನಾಯಿ ತರಬೇತಿ ಕೊಡೋ ಕೆಲಸದಲ್ಲೇ ಇದೀನಿ, ಶುರುವಿನಲ್ಲಿ ನಾನೂ ಹಳೇಹಾದಿ ಸರ್ ಹೇಳಿದ್ದನ್ನೇ ಕಲಿತಿದ್ದು, ಹಂಗಾಗಿ ಅವರ ಮೇಲೆ ಕೋಪ ಇಲ್ಲ. ಆ ನಾಯಕ ತೋಳದ ಕಥೆ ಎಲ್ಲಿಂದ ಬಂತು ನೋಡಿ. ಪರಿಚಯವೇ ಇಲ್ಲದ ತೋಳಗಳನ್ನ ಒಂದೇ ಬೋನಲ್ಲಿ ಕೂಡಿ ಹಾಕಿ ಅವು ಕಿತ್ತಾಡೋದನ್ನ ನೋಡಿ 1947ರಲ್ಲಿ ಶೆಂಕೆಲ್ ಅನ್ನೋರು ಬರೆದ್ರು. ಡೇವಿಡ್ ಮೆಕ್ ಅನ್ನೋ ತೋಳ ವಿಜ್ಞಾನಿ 1970ರ ತಮ್ಮ ಪುಸ್ತಕದಲ್ಲಿ ಅದನ್ನೇ ಹರಡಿದ್ರು. ಆಮೇಲೆ ಅವರೇ ಕಾಡಿನ ತೋಳಗಳನ್ನ ವರ್ಷಗಟ್ಟಲೆ ಹಿಂಬಾಲಿಸಿ 1999ರಲ್ಲಿ ತಿದ್ದಿದ್ರು: ತೋಳದ ಗುಂಪು ಅಂದ್ರೆ ಅಪ್ಪ ಅಮ್ಮ ಮಕ್ಕಳ ಸಂಸಾರ, ಜಗಳ ಗೆದ್ದು ಪಟ್ಟ ಏರೋದಲ್ಲ. ಹೇಳಿದವರೇ ತಿದ್ಕೊಂಡ್ರು, ನಾವು ಇನ್ನೂ ನಾಯಿನ ಕೆಡವ್ತಾ ಇದೀವಿ.

2009ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವ್ರು ನಡವಳಿಕೆ ತೊಂದ್ರೆ ಅಂತ ನಾಯಿ ಕರ್ಕೊಂಡು ಬಂದ ಮನೆಯವ್ರನ್ನ ಕೇಳಿ ನೋಡಿದ್ರು. ಹೊಡೆದು ಒದ್ದು ನೋಡಿದವ್ರಲ್ಲಿ ನೂರಕ್ಕೆ 43 ಜನಕ್ಕೆ, ಕೆಡವಿ ಒತ್ತಿದವ್ರಲ್ಲಿ 31 ಜನಕ್ಕೆ ನಾಯಿ ತಿರುಗಿ ಬಿದ್ದಿತ್ತು.

ಮುಖ್ಯ ವಿಷಯ ಚುಕ್ಕಿಯಮ್ಮ ಅವ್ರೇ, ಗುರ್ ಅನ್ನೋದನ್ನ ಶಿಕ್ಷಿಸ್ಬೇಡಿ. ಅದು ನಾಯಿ ಮಾತು. "ನನಗೆ ಇದು ಹಿಡಿಸ್ತಿಲ್ಲ, ದೂರ ಹೋಗು" ಅಂತ ಕಚ್ಚೋ ಮುಂಚೆ ಹೇಳ್ತಿದೆ. ಆ ಮಾತು ಬಾಯಿ ಮುಚ್ಚಿಸಿದ್ರೆ ಹೇಳದೇನೇ ಕಚ್ಚೋ ನಾಯಿ ಆಗುತ್ತೆ. ಚುಕ್ಕಿ ಮೈಯಿಂದ ಆಸ್ಪತ್ರೆ ವಾಸನೆ ಬರ್ತಿದೆ, ನಡಿಗೆನೂ ಬದಲಾಗಿರುತ್ತೆ, ಅವನಿಗೆ ಗಲಿಬಿಲಿ. ಒಂದು ವಾರ ಬೇರೆ ಬೇರೆ ಕೋಣೇಲಿ ಊಟ ಹಾಕಿ. ಅವ್ಳು ಮಲಗಿದ ಬಟ್ಟೆ ಅವನ ಹತ್ರ, ಅವನ ಬಟ್ಟೆ ಅವಳ ಹತ್ರ ಇಡಿ. ಆಮೇಲೆ ಅವ್ಳು ದೂರದಲ್ಲಿ ಕಂಡಾಗೆಲ್ಲಾ ಭೀಮಂಗೆ ಇಷ್ಟದ ತುಣುಕು ಕೊಡಿ, ತಕ್ಷಣ, ಒಂದು ಸೆಕೆಂಡ್ ಒಳಗೆ. ತಡ ಆದ್ರೆ ಯಾವುದಕ್ಕೆ ಕೊಟ್ರು ಅಂತ ಅವನಿಗೆ ಗೊತ್ತಾಗಲ್ಲ. ಅವ್ಳು ಬಂದ್ರೆ ಒಳ್ಳೇದಾಗುತ್ತೆ ಅಂತ ಅವನಿಗೆ ಅನ್ನಿಸ್ಬೇಕು, ಅಷ್ಟೇ ತರಬೇತಿ.

ಹಳೇಹಾದಿ:
ತಿಂಡಿ ತೋರ್ಸಿದ್ರೆ ಮಾತ್ರ ಕೇಳೋ ನಾಯಿ ಆಗುತ್ತೆ ಅದು. ತಿಂಡಿ ಇಲ್ಲದ ದಿನ?

ತರಬೇತಿಗೆಳೆಯ:
ತೋರಿಸೋದು ಬೇರೆ, ಕೊಡೋದು ಬೇರೆ ಸರ್. ಕೆಲಸ ಮಾಡೋ ಮುಂಚೆ ಕೈಲಿ ಹಿಡಿದು ತೋರಿಸಿದ್ರೆ ಲಂಚ, ಮಾಡಿದ್ಮೇಲೆ ಕೊಟ್ರೆ ಕೂಲಿ. ಕಲಿತ ಮೇಲೆ ಪ್ರತಿ ಸಲ ಬೇಡ, ಒಂದೊಂದ್ಸಲ ಕೊಟ್ರೆ ಇನ್ನೂ ಗಟ್ಟಿಯಾಗಿ ನಿಲ್ಲುತ್ತೆ.

ಹಳೇಹಾದಿ:
ಹ್ಮ್. ತೋಳದ ವಿಷಯ ಗೊತ್ತಿರ್ಲಿಲ್ಲ. ನೋಡ್ತೀನಿ.

ಮಗುಮನೆ:
ಮಧ್ಯ ಬಂದಿದ್ದಕ್ಕೆ ಕ್ಷಮಿಸಿ, ನಮ್ಮನೇಲಿ 2 ವರ್ಷದ ಮಗು ಇದೆ. ನಾಯಿ ಎಷ್ಟೇ ಸಾಧು ಇದ್ರೂ ಇಬ್ರನ್ನೇ ಬಿಟ್ಟು ಅಡುಗೆಮನೆಗೂ ಹೋಗ್ಬಾರ್ದು ಅಂತಾರಲ್ಲ, ಅಷ್ಟು ಕಷ್ಟಾನಾ?

ತರಬೇತಿಗೆಳೆಯ:
ಹೌದು, ಅಷ್ಟೇ. ಗುರ್ ಅನ್ನೋ ಮುಂಚೆನೂ ನಾಯಿ ಹೇಳ್ತಿರುತ್ತೆ: ತುಟಿ ನೆಕ್ಕೋದು, ನಿದ್ದೆ ಇಲ್ದೇ ಆಕಳಿಸೋದು, ಮುಖ ತಿರುಗ್ಸೋದು, ಕಣ್ಣಿನ ಬಿಳಿ ಕಾಣೋ ಹಂಗೆ ಓರೆ ನೋಡೋದು, ಇದ್ದಕ್ಕಿದ್ದಂಗೆ ಕಲ್ಲಾಗಿ ನಿಲ್ಲೋದು. 2 ವರ್ಷದ ಮಗುಗೆ ಇದೆಲ್ಲಾ ಓದೋಕೆ ಬರಲ್ಲ. ಮಧ್ಯ ಒಂದು ಗೇಟ್ ಹಾಕ್ಸಿ, ನಾಯಿಗೂ ತಪ್ಪಿಸ್ಕೊಂಡು ಹೋಗಿ ಮಲ್ಗೋ ಜಾಗ ಒಂದಿರ್ಲಿ.

ರಾತ್ರಿಪಾಳಿ:
ಕಚ್ಚಿದ್ರೆ, ಮನೆ ನಾಯಿನೇ ಆದ್ರೂ, ಸೋಪು ಹಚ್ಚಿ ಹರಿಯೋ ನೀರಲ್ಲಿ 15 ನಿಮಿಷ ತೊಳೆದು ಅವತ್ತೇ ಡಾಕ್ಟ್ರ ಹತ್ರ ಹೋಗಿ. ರೇಬೀಸ್ ಲಕ್ಷಣ ಶುರುವಾದ್ಮೇಲೆ ಉಳಿಸೋದು ಅಸಾಧ್ಯ ಅನ್ನೋ ಮಟ್ಟಿಗೆ ಕಷ್ಟ, ಅದಕ್ಕೂ ಮುಂಚೆ ಲಸಿಕೆ ಸರಿಯಾಗಿ ತಗೊಂಡ್ರೆ ತಡೀಬೋದು. ನಾಯಿ ಬೆಕ್ಕು ಎರಡಕ್ಕೂ ವರಸೆ ತಪ್ಪದೇ ಲಸಿಕೆ ಹಾಕ್ಸಿ. ಮನೆ ಒಳಗೇ ಇರೋ ಬೆಕ್ಕಿಗೆ ಯಾಕೆ ಅನ್ಬೇಡಿ.

ಬಾಲದಬಳಗ:
ಬಿಸಿಲಿನ ವಿಷಯ ಬಿಟ್ಟೋಯ್ತು. ಕಾರಲ್ಲಿ ನಾಯಿ ಬಿಟ್ಟು "ಐದೇ ನಿಮಿಷ" ಅಂತ ಹೋಗ್ತಾರೆ. ಹೊರಗೆ ಬರೀ 24 ಡಿಗ್ರಿ ಇದ್ರೂ ಮುಚ್ಚಿದ ಕಾರೊಳಗೆ 10 ನಿಮಿಷಕ್ಕೆ 34, ಅರ್ಧ ಗಂಟೆಗೆ 43 ಆಗುತ್ತೆ. ಗಾಜು ಎರಡು ಬೆರಳು ಇಳಿಸಿದ್ರೆ ಏನೂ ಪ್ರಯೋಜನ ಇಲ್ಲ. ಚಪ್ಪಟೆ ಮೂತಿ ನಾಯಿಗಳಿಗಂತೂ ಮನೆಯೊಳಗೇ ಸೆಕೆ ತಡೆಯೋಕಾಗಲ್ಲ. ಬಿಸಿಲಿಗೆ ಬಿದ್ರೆ ಐಸ್ ನೀರು ಮಾತ್ರ ಹಾಕ್ಬೇಡಿ, ಶಾಕ್ ಆಗುತ್ತೆ. ಒದ್ದೆ ಟವಲ್ ಹೊದಿಸಿ ಬೇಗ ಆಸ್ಪತ್ರೆಗೆ.

ಕ್ಲಿನಿಕ್‌ಹುಡುಗಿ:
ಇಲ್ಲಿ ಎರಡು ತಿದ್ದಬೇಕು. ಟವಲ್ ಹೊದಿಸಿ ಬಿಟ್ರೆ ಅದೇ ಬಿಸಿಯಾಗಿ ಶಾಖ ಒಳಗೇ ಹಿಡಿದಿಡುತ್ತೆ. ಎರಡನೇದು, ಐಸ್ ಭಯದಲ್ಲಿ ಜನ ನೀರೇ ಹಾಕ್ದೇ ಓಡಿ ಬರ್ತಾರೆ, ದಾರೀಲಿ ಹೋಗ್ಬಿಡುತ್ತೆ. ಮೊದಲು ತಣ್ಣಗೆ ಮಾಡಿ, ಆಮೇಲೆ ಗಾಡಿ ಹತ್ಸಿ ಅನ್ನೋದೇ ಈಗಿನ ಸಲಹೆ. ನಾಯಿ ಮೈಗಿಂತ ತಣ್ಣಗಿರೋ ಯಾವ ನೀರಾದ್ರೂ ಸರಿ, ಮೈಮೇಲೆ ಸುರೀತಾ ಇರಿ, ಮೂಗು ಬಾಯಿಗೆ ಹೋಗದ ಹಾಗೆ, ಜೊತೆಗೆ ಫ್ಯಾನ್ ಗಾಳಿ. ನಾಯಿಯ ಮಾಮೂಲಿ ಬಿಸಿ 38.3ರಿಂದ 39.2 ಡಿಗ್ರಿ ಸೆಲ್ಸಿಯಸ್, 41 ದಾಟಿದ್ರೆ ಒಳಗಿನ ಅಂಗಾಂಗಕ್ಕೇ ಹೊಡೆತ. ಥರ್ಮಾಮೀಟರ್ ಇದ್ರೆ 39.5ಕ್ಕೆ ಇಳಿದಾಗ ನೀರು ನಿಲ್ಸಿ. ಚೇತರಿಸ್ಕೊಂಡಂಗೆ ಕಂಡ್ರೂ ಕರ್ಕೊಂಡು ಬನ್ನಿ.

ಬಾಲದಬಳಗ:
ಓ, ಇದು ಹೊಸದು ನನಗೆ. ತಿದ್ದಿದ್ದಕ್ಕೆ ಥ್ಯಾಂಕ್ಸ್.

ಬೀಗಲ್‌ಪ್ರೇಮಿ:
ಚರ್ಮದ ಕೆಳಗೆ ಹಾಕೋ ಗುರುತಿನ ಮೈಕ್ರೋಚಿಪ್ ಹಾಕ್ಸಿದೀರಾ ಯಾರಾದ್ರೂ? ಕಳ್ದೋದ್ರೆ ಫೋನಲ್ಲಿ ಎಲ್ಲಿದೆ ಅಂತ ತೋರ್ಸುತ್ತಾ?

ಮೂರುಬೆಕ್ಕು:
ಇಲ್ಲ, ಅದು ಜಿಪಿಎಸ್ ಅಲ್ಲ. ಅಕ್ಕಿಕಾಳು ಗಾತ್ರ, ಬ್ಯಾಟರಿ ಇಲ್ಲ, ಸ್ಕ್ಯಾನರ್ ಹಿಡಿದ್ರೆ 15 ಅಂಕಿ ತೋರಿಸುತ್ತೆ ಅಷ್ಟೇ. ಆ ನಂಬರಿಗೆ ನಿಮ್ಮ ಫೋನ್ ನಂಬರ್ ನೋಂದಾಯಿಸಿರ್ಬೇಕು, ನಂಬರ್ ಬದಲಾಯ್ಸಿದಾಗ ಅಲ್ಲೂ ಬದಲಾಯ್ಸಿ. ಅದರ ಜೊತೆ ಕಾಲರಿಗೊಂದು ಹೆಸರು ಬಿಲ್ಲೆನೂ ಇರ್ಲಿ. ಬೆಕ್ಕಿಗಾದ್ರೆ ಎಳೆದ್ರೆ ತಾನಾಗೇ ಬಿಚ್ಕೊಳ್ಳೋ ಕಾಲರ್.

ಚುಕ್ಕಿಯಮ್ಮ:
ಐದು ದಿನ ಆಯ್ತು, ಹೇಳೋಣ ಅಂತ ಬಂದೆ. ಔಷಧಿ ಎಲ್ಲಾ ಬೀಗ ಇರೋ ಡಬ್ಬಿಗೆ ಹೋಯ್ತು, ನಾಯಿದು ಕೆಂಪು ಟೇಪು, ಬೆಕ್ಕಿದು ನೀಲಿ, ಪ್ಯಾಕೆಟ್ ಸಮೇತ. ಕಿಟಕಿಗೆ ಜಾಲರಿ ಅಳತೆ ತಗೊಂಡು ಹೋಗಿದಾರೆ. ಭೀಮ ನಿನ್ನೆ ಚುಕ್ಕಿ ಬಾಲ ಮೂಸಿ ಪಕ್ಕದಲ್ಲೇ ಉರುಳ್ಕೊಂಡ, ನಾನು ಉಸಿರು ಬಿಗಿ ಹಿಡಿದು ನೋಡ್ತಿದ್ದೆ. ಊಟ ಮಾತ್ರ ಇನ್ನೂ ಬೇರೆ ಬೇರೆ ಕೋಣೇಲೇ.

ಉಳಿದಿರೋದು ಒಂದೇ. ಶನಿವಾರ ಚೆಕಪ್‌ಗೆ ಹೋಗ್ಬೇಕು, ಕ್ಯಾರಿಯರ್ ಬುಟ್ಟಿ ಕಂಡ್ರೆ ಚುಕ್ಕಿ ಮಂಚದ ಕೆಳಗೆ ಓಡ್ತಾಳೆ.

ಮೂರುಬೆಕ್ಕು:
ಬುಟ್ಟಿನ ಇವತ್ತೇ ನಡುಮನೇಲಿಡಿ ಅಕ್ಕ, ಬಾಗಿಲು ತೆಗೆದು, ಒಳಗೆ ಅವ್ಳು ಮಲ್ಗೋ ಬಟ್ಟೆ. ಊಟದ ಬಟ್ಟಲು ಮೊದಲ ದಿನ ಬುಟ್ಟಿ ಪಕ್ಕ, ಮಾರನೇ ದಿನ ಬಾಗಿಲ ಹತ್ರ, ಆಮೇಲೆ ಒಳಗೆ. ಹಿಡಿದು ತುರುಕೋಕೆ ಹೋಗ್ಬೇಡಿ.

ಕ್ಲಿನಿಕ್‌ಹುಡುಗಿ:
ಮೇಲಿನ ಮುಚ್ಚಳ ಬಿಚ್ಚೋಕಾಗೋ ಬುಟ್ಟಿ ಆದ್ರೆ ನಮ್ಮ ಹತ್ರ ಬಂದಾಗ ಅವ್ಳನ್ನ ಎಳೆದು ತೆಗೀಬೇಕಿಲ್ಲ, ಕೆಳಗಿನ ಅರ್ಧದಲ್ಲಿ ಕೂತಿದ್ದಂಗೇ ನೋಡ್ತಾರೆ. ದಾರೀಲಿ ಮೇಲೊಂದು ಟವಲ್ ಮುಚ್ಚಿ, ನೆಲದ ಮೇಲೆ ಇಡ್ಬೇಡಿ, ನಾಯಿಗಳು ಬಂದು ಮೂಸ್ತವೆ.

ಹಳೇಹಾದಿ:
ಭೀಮನ್ನೂ ಜೊತೇಲಿ ಕರ್ಕೊಂಡು ಹೋಗ್ತೀರಾ?

ಚುಕ್ಕಿಯಮ್ಮ:
ಇಲ್ಲ ಸರ್, ಅವನು ಮನೇಲೇ ಇರ್ಲಿ. ಬುಟ್ಟಿ ನಡುಮನೆಗೆ ಬಂತು. ಈಗ ದೂರದಲ್ಲಿ ಕೂತು ನೋಡ್ತಿದಾಳೆ.

ಚುಕ್ಕಿಯಮ್ಮ:
ತಲೆ ಒಳಗೆ ಹಾಕಿ ಬಟ್ಟೆ ಮೂಸಿದ್ಲು. ಹಿಂದಿನ ಕಾಲು ಎರಡೂ ಇನ್ನೂ ಹೊರಗೇ ಇದೆ.

ಮೂರುಬೆಕ್ಕು:
ಸಾಕು ಇವತ್ತಿಗೆ. ಬಾಗಿಲು ಮುಟ್ಬೇಡಿ.